ಡೋರ್ನಾಖ್‌ಗೆ ಹೊರಟ ಮೊಮ್ಮಗಳಿಗೆ

ಪುಟ್ಟಿ,

ವೀಸಾ ಬಂತು ಅಂತ ನಿಮ್ಮಮ್ಮ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಬಹಳ ಸಂತೋಷವಾಯಿತು. ನಿನ್ನ ವಾಲ್ಡಾರ್ಫ್ ಶಾಲೆಯಲ್ಲಿ ಇದು ಕೊನೆಯ ವರ್ಷ. ಹನ್ನೆರಡನೆಯ ತರಗತಿಯವರೆಲ್ಲ ಸೇರಿ ಸ್ವಿಟ್ಜರ್‌ಲೆಂಡಿನ ಡೋರ್ನಾಖ್‌ಗೆ, ಬೇರೆ ಬೇರೆ ದೇಶದ ನಿಮ್ಮ ವಯಸ್ಸಿನವರ ಸಮ್ಮೇಳನಕ್ಕೆ ಹೊರಟಿದ್ದೀರಿ. ಮಾರಿಕುಪ್ಪಂ ಸ್ಟೇಷನ್ನಿನಿಂದ ಮುಂದಕ್ಕೆ ರೈಲು ಹೋಗುವುದಿಲ್ಲ, ಹಳಿ ಇಲ್ಲೇ ಮುಗಿಯುತ್ತದೆ. ಆ ಕೊನೇ ಸ್ಟೇಷನ್ನಿನ ಪಕ್ಕ ಕೂತ ತಾತನಿಗೆ ನಿನಗೆ ಒಂದೆರಡು ಮಾತು ಹೇಳಬೇಕು ಅನ್ನಿಸಿದೆ.

ವೀಸಾ ಕಚೇರಿಯಲ್ಲಿ ಹತ್ತೂ ಬೆರಳಿನ ಗುರುತು ತೆಗೆದುಕೊಂಡರು ಅಂತ ನೀನು ಬೇಜಾರು ಮಾಡಿಕೊಂಡೆಯಂತೆ. 1930ರಲ್ಲಿ ಇಲ್ಲಿನ, ಅಂದರೆ ನಮ್ಮ ಕೆಜಿಎಫ್‌ನ, ಚಿನ್ನದ ಗಣಿ ಕಂಪನಿ ಕೆಲಸಗಾರರ ಬೆರಳಚ್ಚು ತೆಗೆಯಲು ಹೊರಟಾಗ ಅದನ್ನು ಅವಮಾನ ಎಂದು ಎಣಿಸಿ ಸಾವಿರಾರು ಜನ ಕೆಲಸ ನಿಲ್ಲಿಸಿದ್ದರು. ನಿನ್ನ ಬೇಜಾರು ಹೊಸದೇನಲ್ಲ, ಅದು ಈ ಮಣ್ಣಿನದೇ. ಆದರೆ ನೀನು ಗುರುತು ಕೊಟ್ಟದ್ದು ನಿನ್ನ ಇಷ್ಟದ ಪ್ರಯಾಣಕ್ಕೆ. ಅವರಿಗೆ ಆ ಆಯ್ಕೆ ಇರಲಿಲ್ಲ. ಈ ವ್ಯತ್ಯಾಸ ನೆನಪಿನಲ್ಲಿರಲಿ.

ನಿನ್ನ ಶಾಲೆಯ ಮೂಲದ ಬಗ್ಗೆ ನಿಮ್ಮ ಮೇಷ್ಟ್ರು ಹೇಳಿರುತ್ತಾರೆ. ಆದರೂ ನನ್ನ ಬಾಯಲ್ಲಿ ಒಮ್ಮೆ ಕೇಳು. ವಾಲ್ಡಾರ್ಫ್ ಅನ್ನುವುದು ಸಿಗರೇಟು ಕಾರ್ಖಾನೆಯೊಂದರ ಹೆಸರಿನಿಂದ ಬಂದದ್ದು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದ ವಾಲ್ಡಾರ್ಫ್ ಆಸ್ಟೋರಿಯಾ ಕಾರ್ಖಾನೆಯ ಯಜಮಾನ ಎಮಿಲ್ ಮೋಲ್ಟ್, ತನ್ನ ಕೆಲಸಗಾರರ ಮಕ್ಕಳಿಗೆ ಒಂದು ಶಾಲೆ ಮಾಡಿಕೊಡಿ ಎಂದು ಚಿಂತಕ ರುಡಾಲ್ಫ್ ಸ್ಟೈನರ್ ಅವರನ್ನು ಕೇಳಿಕೊಂಡ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರ ಸೆಪ್ಟೆಂಬರಿನಲ್ಲಿ ಆ ಶಾಲೆ ತೆರೆಯಿತು. ಕೂಲಿಯವರ ಮಕ್ಕಳು, ಅನುಕೂಲಸ್ಥರ ಮಕ್ಕಳು, ಹುಡುಗರು, ಹುಡುಗಿಯರು ಎಲ್ಲ ಒಂದೇ ಕೋಣೆಯಲ್ಲಿ ಕೂತು ಕಲಿತರು. ಹೆಣಿಗೆ, ಮರಗೆಲಸ, ತೋಟದ ಕೆಲಸ ಎಲ್ಲರಿಗೂ ಪಾಠವಾಯಿತು. ನಾಜಿಗಳ ಕಾಲದಲ್ಲಿ, 1938ರಲ್ಲಿ ಅದನ್ನು ಮುಚ್ಚಿಸಿದರು. ಯುದ್ಧ ಮುಗಿದ ಮೇಲೆ ಮತ್ತೆ ಬಾಗಿಲು ತೆಗೆದರು.

ಇವತ್ತು ನಮ್ಮ ದೇಶದಲ್ಲಿ ಇಂಥ ಶಾಲೆಗೆ ಹೋಗುವವರು ಬಹುಮಟ್ಟಿಗೆ ಫೀಸು ಕಟ್ಟಬಲ್ಲವರ ಮಕ್ಕಳು. ನೀನೂ ಹಾಗೇ ಸೇರಿದವಳು, ಅದರಲ್ಲಿ ತಪ್ಪೇನಿಲ್ಲ. ಆದರೆ ನಿನ್ನ ಮುತ್ತಾತ ಇಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸಕ್ಕಿದ್ದವರು. ಕೂಲಿಗಳ ಲೈನ್ ಮನೆಯ ಒಂದು ಕೋಣೆಯಲ್ಲಿ ನಾವು ಏಳು ಜನ ಮಲಗುತ್ತಿದ್ದೆವು. ಕಾರ್ಖಾನೆಯ ಕೂಲಿಯವರ ಮಕ್ಕಳಿಗೆಂದು ಹುಟ್ಟಿದ ಶಾಲೆಯ ಹೆಸರಿನಲ್ಲಿ ಗಣಿ ಕೂಲಿಯವರ ಮನೆಯ ಹುಡುಗಿ ಹೋಗುತ್ತಿದ್ದಾಳೆ. ಅಲ್ಲಿ ಯಾರೆದುರಿಗೂ ಮುದುಡಿಕೊಂಡು ನಿಲ್ಲಬೇಡ.

ಇನ್ನು ನನ್ನ ಮುಖ್ಯ ಮಾತು. 1965ರಲ್ಲಿ ನನಗೆ ಹನ್ನೆರಡು ವರ್ಷ. ಆ ವರ್ಷ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಸುಳಿವು ಸಿಕ್ಕಿತು. ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ, ಮೂರೂ ಕಡೆಯ ವಿಜ್ಞಾನಿಗಳು ಸೇರಿ ಮಾಡಿದ ಪ್ರಯೋಗ ಅದು. ಆಕಾಶದಿಂದ ಬೀಳುವ ಬೇರೆ ಕಣಗಳನ್ನು ಮೇಲಿನ ಅಷ್ಟೂ ಬಂಡೆ ತಡೆಯುತ್ತಿತ್ತು. ಅದಕ್ಕೇ ಅವರಿಗೆ ನಮ್ಮ ಗಣಿಯ ಆಳ ಬೇಕಾಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲೂ ಒಂದು ಚಿನ್ನದ ಗಣಿಯೊಳಗೇ ಇಂಥ ಸುಳಿವು ಸಿಕ್ಕಿತು. ಮುಂದೆ 1980ರಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು ಸುಮಾರು 140 ಟನ್ ತೂಕದ ಯಂತ್ರವನ್ನು ಇಲ್ಲೇ ಕೆಳಗೆ ಕೂರಿಸಿದರು. ಅದರ ಒಂದೊಂದು ಕಬ್ಬಿಣದ ತುಂಡೂ ನಮ್ಮವರು ನಡೆಸುತ್ತಿದ್ದ ಶಾಫ್ಟಿನಲ್ಲೇ ಇಳಿದದ್ದು.

ಅಪ್ಪನಿಗೆ ನ್ಯೂಟ್ರಿನೊ ಎಂದರೇನೆಂದು ಗೊತ್ತಿರಲಿಲ್ಲ. ಗಣಿಗೆ ಇಳಿಸುವ ಕೇಜಿನಲ್ಲಿ ಜೊತೆಗೆ ಇಳಿದ ಜಪಾನಿನ ವಿಜ್ಞಾನಿ ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದದ್ದನ್ನು ಮಾತ್ರ ಅವರು ಸಾಯುವವರೆಗೂ ಹೇಳುತ್ತಿದ್ದರು. ಕೆಳಗೆ ಅಂಥ ಸೆಕೆ. ತೀರಾ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ತಮಿಳು, ತೆಲುಗು, ಕನ್ನಡ, ಉರ್ದು, ಯಾವ ಭಾಷೆಯವನಾದರೂ ಪಕ್ಕದವನು ಮರದ ಆಸರೆ ಸರಿಯಾಗಿ ಕೊಟ್ಟಿದ್ದಾನೆ ಅನ್ನುವ ನಂಬಿಕೆಯ ಮೇಲೆ ಇವನು ಕೆಲಸ ಮಾಡಬೇಕಿತ್ತು. ಅಲ್ಲಿ ಹುಟ್ಟಿದ ಸ್ನೇಹ ಮೂರು ತಲೆಮಾರು ಬಂದಿದೆ. ನನ್ನ ಮದುವೆಗೆ ಅಡಿಗೆ ಮಾಡಿದವರು ಅಪ್ಪನ ಗ್ಯಾಂಗಿನ ತಮಿಳರು.

ನೀನು ಹೋಗುವ ಜಾಗಕ್ಕೂ ಇಂಥದೇ ಕಥೆ ಇದೆ. ಡೋರ್ನಾಖ್‌ನಲ್ಲಿ ನಿಮ್ಮ ಸಮ್ಮೇಳನ ನಡೆಯುವ ಗೋಥೆಯಾನಮ್ ಕಟ್ಟಡವನ್ನು ಮೊದಲು ಮರದಲ್ಲಿ ಕಟ್ಟಿದರು. ಕೆಲಸ ನಡೆಯುತ್ತಿದ್ದಾಗಲೇ ಮೊದಲ ಮಹಾಯುದ್ಧ ಶುರುವಾಯಿತು. ಗಡಿಯಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ದೇಶಗಳ ಜನ ಈ ಗುಡ್ಡದ ಮೇಲೆ ಅಕ್ಕಪಕ್ಕ ನಿಂತು ಮರ ಕೆತ್ತುತ್ತಿದ್ದರು. 1922ರ ಕೊನೆಯ ರಾತ್ರಿ ಅದಕ್ಕೆ ಬೆಂಕಿ ಬಿತ್ತು. ಈಗ ನೀನು ನೋಡುವುದು ಆಮೇಲೆ ಕಾಂಕ್ರೀಟಿನಲ್ಲಿ ಕಟ್ಟಿ 1928ರಲ್ಲಿ ತೆರೆದ ಎರಡನೆಯ ಕಟ್ಟಡ.

ಗಣಿಯಲ್ಲೂ ಆ ಗುಡ್ಡದ ಮೇಲೂ ಜನರನ್ನು ಸೇರಿಸಿದ್ದು ಜೊತೆಗೆ ಮಾಡಿದ ಕೆಲಸ. ಆದ್ದರಿಂದ ಅಲ್ಲಿಗೆ ಹೋದ ಮೊದಲ ದಿನವೇ ಕೇಳು: ಪಾತ್ರೆ ತೊಳೆಯಲು ಯಾರು ಬೇಕು, ಕುರ್ಚಿ ಜೋಡಿಸಲು ಯಾರು ಬೇಕು, ತರಕಾರಿ ಹೆಚ್ಚಲು ಯಾರು ಬೇಕು. ಭಾಷಣ ಕೇಳುವಾಗ ಪಕ್ಕ ಕೂತವರ ಹೆಸರು ಮರುದಿನಕ್ಕೆ ಮರೆಯುತ್ತದೆ. ಜೊತೆಗೆ ನೂರು ತಟ್ಟೆ ತೊಳೆದವಳ ಹೆಸರು ಮರೆಯುವುದಿಲ್ಲ. ಇಂಗ್ಲಿಷಿನ ಭಯ ಬೇಡ. ಅಲ್ಲಿ ಬರುವ ಬಹಳ ಮಕ್ಕಳಿಗೂ ಅದು ಮನೆಮಾತಲ್ಲ. ನಿಮ್ಮ ಶಾಲೆಯವರೇ ಒಂದು ಮೇಜಿಗೆ ಸೇರಿಕೊಂಡು ಊಟ ಮಾಡಬೇಡಿ, ಇದನ್ನು ಎಲ್ಲರಿಗೂ ಹೇಳು. ಅಷ್ಟು ದೂರ ಹೋಗಿ ಬೆಂಗಳೂರಲ್ಲೇ ಕೂತ ಹಾಗಾಗುತ್ತದೆ.

ನಿನ್ನ ಊರು ಯಾವುದು ಎಂದು ಕೇಳಿದರೆ ಬೆಂಗಳೂರು ಅನ್ನು, ಜೊತೆಗೆ ಈ ಊರನ್ನೂ ಹೇಳು. ಸಿನಿಮಾದ ಕೆಜಿಎಫ್ ಕಥೆ ಬೇಡ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು ಅಂತ ಹೇಳು. ಬಂಗಲೆ, ಕ್ಲಬ್ಬು ಇಂಗ್ಲಿಷ್ ದೊರೆಗಳಿಗೆ, ತಗಡಿನ ಸಾಲು ಕೂಲಿಗಳಿಗೆ ಇತ್ತು ಅಂತಲೂ ಹೇಳು. ಇಂಗ್ಲೆಂಡಿನ ಮಕ್ಕಳು ಎದುರಿಗಿದ್ದರೂ ಮುಚ್ಚಿಡಬೇಡ, ಅವರ ಮೇಲೆ ಸಿಟ್ಟೂ ಬೇಡ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ದಿನಾ ಬೆಳಗಿನ ಜಾವ ಇಲ್ಲಿಂದ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿ ರಾತ್ರಿ ಬರುವವರೇ ಈ ಊರನ್ನು ಉಳಿಸಿದ್ದಾರೆ. ಇದನ್ನು ಹೇಳದೆ ಬರಬೇಡ.

ಚಿಕ್ಕಪುಟ್ಟದ್ದು ನಿಮ್ಮಮ್ಮ ನೋಡಿಕೊಳ್ಳುತ್ತಾಳೆ. ಹದಿನೆಂಟು ತುಂಬದವರು ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ ಒಪ್ಪಿಗೆ ಪತ್ರವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ವಿಮೆಯ ಕಾಗದ ಅದರ ಜೊತೆಗಿರಲಿ. ಅಲ್ಲಿನ ಪ್ಲಗ್ಗು ನಮ್ಮದಕ್ಕಿಂತ ಬೇರೆ. ಚಟ್ನಿಪುಡಿ, ರಾಗಿ ಹುರಿಹಿಟ್ಟು ನಾನು ಕೊಡುತ್ತೇನೆ. ಅಡಿಗೆಮನೆ ನಿಮ್ಮ ಕೈಗೆ ಸಿಕ್ಕ ದಿನ ಬಂಗಾರಪೇಟೆಯ ಬಿಳಿ ನೀರಿನ ಪಾನಿಪುರಿ ಮಾಡಿ ಬಡಿಸು. ನೀರಿನಂತೆ ಕಾಣುವುದು ಅಷ್ಟು ಖಾರ ಇರುತ್ತದೆ ಅಂತ ಮೊದಲೇ ಹೇಳಿಬಿಡು, ಪಾಪ.

ಒಂದು ಕೋರಿಕೆ. ಹೊರಡುವ ಮೊದಲಿನ ಭಾನುವಾರ ರೈಲಿನಲ್ಲೇ ಬಾ, ಕಾರು ಬೇಡ. ತರಗತಿಯವರಲ್ಲಿ ಬರುವ ಮನಸ್ಸಿದ್ದವರನ್ನೂ ಕರೆದುಕೊಂಡು ಬಾ. ಗಣಿ ತ್ಯಾಜ್ಯದ ಸೈನೈಡ್ ದಿಬ್ಬ, ಶಾಫ್ಟಿನ ತುಕ್ಕು ಹಿಡಿದ ಕಬ್ಬಿಣ, ಅಪ್ಪನ ಲೈನ್ ಮನೆ, ಎಲ್ಲ ತೋರಿಸುತ್ತೇನೆ. ಪ್ಲಾಟ್‌ಫಾರಂ ಮೇಲೆ ಕಾಯುತ್ತಿರುತ್ತೇನೆ.