ಇಂದಿನ ಧಮ್ಮ ಚಿಂತನೆ: ಸೋಣನ ಪಾದರಕ್ಷೆ ಮತ್ತು ನನ್ನ ತೋಳು



ಧಮ್ಮ ಬಂಧುಗಳೇ, ಇಂದು ಚಿಂತನೆ ಬರೆಯುವ ಪಾಳಿ ನನ್ನದು. ವಿಷಯ ಸಮ್ಮಾ ವಾಯಾಮ, ಅಷ್ಟಾಂಗ ಮಾರ್ಗದ ಆರನೆಯ ಅಂಗ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 11ನೆಯದನ್ನು ಹೇಳುವಾಗಲೆಲ್ಲ ನಾವು ಇದನ್ನೂ ಒಪ್ಪಿಕೊಂಡಿರುತ್ತೇವೆ. ನನಗೆ ಇದು ಸ್ವಲ್ಪ ತಿಳಿದದ್ದು ಗೋಕಾಕದ ಒಂದು ಜಿಮ್‌ನಲ್ಲಿ. ನಗಬೇಡಿ, ಪೂರ್ತಿ ಓದಿ.

ನಾನು ಮೂಡಲಗಿಯವನು. ಕೆಲಸ ಗೋಕಾಕದಲ್ಲಿ, ದಿನಾ ಬಸ್ಸಿನ ಓಡಾಟ. ವಯಸ್ಸು 26, ಆಗ ತೂಕ 51 ಕೆ.ಜಿ. ಗೆಳೆಯರು ಕರೆಯುತ್ತಿದ್ದದ್ದೇ ‘ಕಡ್ಡಿ’ ಎಂದು. ನಮ್ಮಪ್ಪ ಹಮಾಲಿ. 100 ಕೆ.ಜಿ. ಗೋವಿನಜೋಳದ ಚೀಲ ಬೆನ್ನಿಗೇರಿಸಿ ಲಾರಿ ಹತ್ತುತ್ತಿದ್ದವರು. ಅವರು ಹುಡುಗರಿದ್ದಾಗ ಊರಿನ ಗರಡಿ ಮನೆಯೊಳಗೆ ನಮ್ಮ ಕೇರಿಯವರಿಗೆ ಪ್ರವೇಶವಿರಲಿಲ್ಲ. ಬಾಗಿಲಾಚೆ ನಿಂತು ಕೆಂಪು ಮಣ್ಣಿನ ಕುಸ್ತಿ ನೋಡಿ ಬರಬೇಕಿತ್ತು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವಾಗಲೂ ಅಷ್ಟೇ, ದೂರದಿಂದ ನೋಡುವುದು. ಚೀಲ ಹೊರಲು ಮಾತ್ರ ಯಾರೂ ಬೇಡ ಅನ್ನಲಿಲ್ಲ. ಹಾಗಾಗಿ ನಾನು ತಿಂಗಳಿಗೆ 700 ರೂಪಾಯಿ ಕೊಟ್ಟು ಜಿಮ್ ಸೇರಿದ ದಿನ ಅಪ್ಪ ಏನೂ ಅನ್ನದಿದ್ದರೂ ರಾತ್ರಿ ಎರಡು ಸಲ ಕೇಳಿದರು, “ಒಳಗ ಬಿಟ್ಟರೇನು?”

ಒಳಗೆ ಬಿಟ್ಟರು. ಹೆಸರು, ಫೋನ್ ನಂಬರ್ ಬಿಟ್ಟರೆ ಏನನ್ನೂ ಕೇಳಲಿಲ್ಲ. ಕೆಟ್ಟವನು ನಾನೇ. ಮೊಬೈಲ್‌ನಲ್ಲಿ ಯಾರದೋ ವಿಡಿಯೋ ನೋಡಿ ವಾರಕ್ಕೆ 6 ದಿನ, ದಿನಕ್ಕೆ 2 ತಾಸು ಹೊಡೆದೆ. ಮೊದಲ ದಿನ 20 ಕೆ.ಜಿ.ಯ ಬರೀ ರಾಡ್ ಎತ್ತಲು ತಿಣುಕಿದವನು ಐದು ವಾರಕ್ಕೆ 40 ಎತ್ತಿದೆ. ತೋಳು ಉಬ್ಬಿತೆಂದು ಟೇಪ್ ಹಿಡಿದರೆ ಮೊದಲಿನಷ್ಟೇ ಇತ್ತು! ಇದರ ಕಾರಣ ಆಮೇಲೆ ತಿಳಿಯಿತು. ಮೊದಲ ಕೆಲವು ವಾರ ಹೆಚ್ಚುವ ಶಕ್ತಿ ಬಹುಮಟ್ಟಿಗೆ ನರಗಳದ್ದು. ಇರುವ ಸ್ನಾಯುವನ್ನೇ ಹೆಚ್ಚು ದುಡಿಸಲು ಅವು ಕಲಿಯುತ್ತವೆ. ಮಾಂಸಖಂಡ ಕಣ್ಣಿಗೆ ಕಾಣುವಷ್ಟು ಬೆಳೆಯಲು ತಿಂಗಳುಗಳು ಬೇಕು, ಊಟ ಮತ್ತು ನಿದ್ದೆ ಸರಿಯಿದ್ದರೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 56 ಕೆ.ಜಿ. ವಿಭಾಗದಲ್ಲಿ, ಎರಡೂ ಬಗೆಯ ಎತ್ತುವಿಕೆ ಸೇರಿ 249 ಕೆ.ಜಿ. ಶಕ್ತಿಗೂ ಗಾತ್ರಕ್ಕೂ ಲೆಕ್ಕ ಬೇರೆ ಎಂದು ಆಗ ಯಾರಾದರೂ ಹೇಳಿದ್ದರೆ ಕನ್ನಡಿ ನೋಡುವುದು ಕಡಿಮೆಯಾಗುತ್ತಿತ್ತೇನೋ.

ಮೂರನೆಯ ತಿಂಗಳು ಭುಜ ನೋಯಲು ಶುರುವಾಯಿತು. ರಾಡ್ 40ಕ್ಕೇ ನಿಂತಿತು, ನಿದ್ದೆ ಕೆಟ್ಟಿತು, ಪಕ್ಕದ ಹುಡುಗನ ತೋಳು ನೋಡಿದರೆ ಹೊಟ್ಟೆಯಲ್ಲಿ ಉರಿ. 2,600 ರೂಪಾಯಿಯ ಪೌಡರ್ ಡಬ್ಬಿ ತಂದೆ. ಅವ್ವ ನನಗೆಂದು ದಿನಾ 4 ಮೊಟ್ಟೆ ಕುದಿಸತೊಡಗಿದಳು. ತಕ್ಕಡಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಅಂಥ ಒಂದು ಭಾನುವಾರ ಹುಕ್ಕೇರಿಯಲ್ಲಿ ನಮ್ಮ ಅಧ್ಯಯನ ಬಳಗ ಸೇರಿತ್ತು. ಹಿರಿಯ ಅಕ್ಕ ಒಬ್ಬರು ಸೋಣ ಕೋಳಿವಿಸನ ಕಥೆ ತೆಗೆದರು. ಅದಕ್ಕೂ ಮೊದಲು ಒಂದು ಮಾತು ಹೇಳಿದರು: ಪಾಲಿಯ ‘ವಾಯಾಮ’ ಮತ್ತು ನಾವು ದಿನಾ ಆಡುವ ‘ವ್ಯಾಯಾಮ’ ಒಂದೇ ಪದ. ನಾನು ಎದ್ದು ಕೂತೆ.

ಚಂಪಾ ನಗರದ ಶ್ರೀಮಂತನ ಮಗ ಸೋಣ, ಬಲು ಸುಕುಮಾರ. ಭಿಕ್ಷುವಾಗಿ ರಾಜಗೃಹದ ಸೀತವನದಲ್ಲಿ ನಡಿಗೆಯ ಧ್ಯಾನ ಮಾಡಿ ಮಾಡಿ ಅಂಗಾಲು ಒಡೆದು ರಕ್ತ ಸುರಿಯಿತು. ಇಷ್ಟಾದರೂ ಫಲ ಕಾಣದೆ ಮನೆಗೆ ಹೊರಡುವ ಯೋಚನೆ ಮಾಡಿದ. ಅವನು ಮೊದಲು ವೀಣೆ ನುಡಿಸುತ್ತಿದ್ದವನು. ಬುದ್ಧರು ಅದನ್ನೇ ಹಿಡಿದು ಕೇಳಿದರು, ತಂತಿ ಅತಿಯಾಗಿ ಬಿಗಿದಾಗ ನುಡಿಯುತ್ತಿತ್ತೇ, ಸಡಿಲವಾದಾಗ ನುಡಿಯುತ್ತಿತ್ತೇ ಎಂದು. ಅತಿ ಪ್ರಯತ್ನ ತಳಮಳ ತರುತ್ತದೆ, ಕಡಿಮೆಯಾದರೆ ಸೋಮಾರಿತನ. ಇದು ಅಂಗುತ್ತರ ನಿಕಾಯದಲ್ಲಿದೆ, ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ನನ್ನ ಭುಜದ ನೋವಿಗೆ ಉತ್ತರ ಅಲ್ಲೇ ಸಿಕ್ಕಿತು.

ಆದರೆ ಅಕ್ಕ ನಿಲ್ಲಿಸಲಿಲ್ಲ. ವಿನಯ ಪಿಟಕದ ಮಹಾವಗ್ಗದಲ್ಲಿ ಈ ಕಥೆಗೆ ಬಾಲವಿದೆ. ಸೋಣನ ಕಾಲು ನೋಡಿ ಬುದ್ಧರು ಅವನಿಗೆ ಒಂದು ಪದರದ ಪಾದರಕ್ಷೆ ಹಾಕಲು ಅನುಮತಿ ಕೊಟ್ಟರು. ಸೋಣ ಒಪ್ಪಲಿಲ್ಲ. ಬಂಡಿಗಟ್ಟಲೆ ಹೊನ್ನು ಬಿಟ್ಟು ಬಂದವನು ನಾನು, ಇಡೀ ಸಂಘಕ್ಕೆ ಅನುಮತಿ ಕೊಟ್ಟರೆ ಹಾಕುತ್ತೇನೆ, ನನಗೊಬ್ಬನಿಗೇ ಆದರೆ ಬೇಡ ಎಂದ. ಬುದ್ಧರು ಎಲ್ಲ ಭಿಕ್ಷುಗಳಿಗೂ ಅನುಮತಿ ಕೊಟ್ಟರು.

ಬಸ್ಸಿನಲ್ಲಿ ಮೂಡಲಗಿಗೆ ಮರಳುವಾಗ ಪೂರ್ತಿ ಇದೇ ತಲೆಯಲ್ಲಿ. ರಾತ್ರಿ ಊಟಕ್ಕೆ ಕೂತಾಗ ಮೊದಲ ಸಲ ಬೇರೆಯವರ ತಾಟು ನೋಡಿದೆ. ನನ್ನ ತಾಟಿನಲ್ಲಿ ಮೊಟ್ಟೆ, ತಂಗಿಯದರಲ್ಲಿ ರೊಟ್ಟಿ ಮತ್ತು ತಿಳಿ ಸಾರು. ಕಾಲೇಜಿನ ತಪಾಸಣೆಯಲ್ಲಿ ಅವಳ ಹಿಮೋಗ್ಲೋಬಿನ್ 8 ಬಂದಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. “ನೀ ಯಾಕ ಮೊಟ್ಟಿ ತಿನ್ನಂಗಿಲ್ಲ?” ಅಂದೆ. “ನಿನಗ ಬೇಕಲ್ಲ ಅಣ್ಣಾ, ಜಿಮ್‌ಗೆ ಹೋಗ್ತಿ” ಅಂದಳು. ಅವ್ವ ತಲೆ ತಗ್ಗಿಸಿ ಒಲೆ ಕಡೆ ನೋಡಿದಳು. 2021ರಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ವಿರೋಧಿಸಿದ್ದಕ್ಕೆ ಇದೇ ಗ್ರೂಪಿನಲ್ಲಿ ಸಿಟ್ಟಿನಿಂದ ಬರೆದವರಲ್ಲಿ ನಾನೂ ಒಬ್ಬ. ನನ್ನ ಮನೆಯ ಪಂಕ್ತಿಭೇದ ಕಂಡಿರಲಿಲ್ಲ.

ಆ ಡಬ್ಬಿಯ ದುಡ್ಡಿಗೆ, 7 ರೂಪಾಯಿಗೊಂದರಂತೆ, 370 ಮೊಟ್ಟೆ ಬರುತ್ತಿದ್ದವು. ಲೆಕ್ಕ ಹಾಕಿದೆ. ಸ್ನಾಯು ಬೆಳೆಸುವವರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. ನನಗೆ 82 ಗ್ರಾಂ. ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಶೇಂಗಾದಲ್ಲಿ 25, ಸೋಯಾದಲ್ಲಿ 50ರಷ್ಟು. ಈಗ ನಾಲ್ವರಿಗೂ ಎರಡೆರಡು ಮೊಟ್ಟೆ. ಜೊತೆಗೆ ಮಡಕಿ ಕಾಳು, ಜುಣಕ, ಶೇಂಗಾ ಹಿಂಡಿ, ವಾರಕ್ಕೊಮ್ಮೆ ಮಾಂಸ. ಜಿಮ್ ವಾರಕ್ಕೆ ಮೂರೇ ದಿನ, ಮುಕ್ಕಾಲು ತಾಸು. ಹೇಳಿದಷ್ಟು ಸಲ ಸಲೀಸಾಗಿ ಎತ್ತಿದ ಮೇಲಷ್ಟೇ ಎರಡೂವರೆ ಕೆ.ಜಿ. ಸೇರಿಸುವುದು.

ಸಮ್ಮಾ ವಾಯಾಮಕ್ಕೆ ನಾಲ್ಕು ಕೆಲಸಗಳಿವೆ: ಹುಟ್ಟದ ಕೆಡುಕು ಹುಟ್ಟದಂತೆ ನೋಡುವುದು, ಹುಟ್ಟಿದ್ದನ್ನು ಬಿಡುವುದು, ಹುಟ್ಟದ ಒಳಿತನ್ನು ಹುಟ್ಟಿಸುವುದು, ಹುಟ್ಟಿದ್ದನ್ನು ಉಳಿಸಿ ಬೆಳೆಸುವುದು. ನಾನು ಇನ್ನೂ ಎರಡನೆಯದರಲ್ಲೇ ಇದ್ದೇನೆ. ಪಕ್ಕದ ಹುಡುಗನ ತೋಳು ಈಗಲೂ ಕಣ್ಣಿಗೆ ಬೀಳುತ್ತದೆ.

ಐದು ತಿಂಗಳಾಯಿತು. ನನ್ನ ತೂಕ 54, ತೋಳು ಅರ್ಧ ಇಂಚು ಹೆಚ್ಚು. ಕಬ್ಬಿಣಾಂಶದ ಗುಳಿಗೆ ತಪ್ಪಿಸದ ತಂಗಿಯ ಹಿಮೋಗ್ಲೋಬಿನ್ 10.6.

ಹೋದ ವಾರ ಅಪ್ಪ ಗೋಕಾಕಕ್ಕೆ ಬಂದವರು ಜಿಮ್ ನೋಡಬೇಕೆಂದರು. ಬಂದು ಬಾಗಿಲಲ್ಲೇ ನಿಂತರು. “ಬಾ ಅಪ್ಪಾ” ಎಂದು ಎರಡು ಸಲ ಕರೆದೆ. ಚಪ್ಪಲಿ ಹೊರಗೆ ಬಿಟ್ಟು, ಮೆಲ್ಲಗೆ ಒಳಗೆ ಬಂದು, ರಾಡ್ ಮುಟ್ಟಿ ನೋಡಿದರು.

“ಇದು ಎಷ್ಟು ಐತಿ?”

“ಬರೇ ರಾಡ್ ಇಪ್ಪತ್ತು ಕೇಜಿ.”

“ಇದನ್ನ ಎತ್ತಾಕ ನೀನ ರೊಕ್ಕಾ ಕೊಡ್ತಿ? ಹುಚ್ಚ!” ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ಎರಡೂ ಕೈ ಹಚ್ಚಿ ಒಮ್ಮೆ ಎತ್ತಿದರು.

ಜೈ ಭೀಮ್.