ಸುಳಿಗೆ ಎಷ್ಟು, ಹೆಗಲಿಗೆ ಎಷ್ಟು

ಪ್ರೀತಿಯ ತಮ್ಮಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ ಮಾತಿಗೆ ನಾನು ಆಗಲೇ ಉತ್ತರ ಕೊಡಲಿಲ್ಲ. "ಕಾಕಾ, ಮೂರೂ ಒಂದ ತಳಿ ಅಂತಾರ, ಎಂಜಿನ್ನೂ ಒಂದ ಅಂತಾರ. ಹಂಗಾರ ರೊಕ್ಕದಾಗ ಇಷ್ಟ ಫರಕ್ ಯಾಕ?" ಅಂದೆ. ಆಡಿ ಆರ್‌ಎಸ್ ಕ್ಯೂ8, ಪೋರ್ಷೆ ಕಯೆನ್, ಲ್ಯಾಂಬೊರ್ಗಿನಿ ಉರುಸ್, ಈ ಮೂರರ ನಡುವೆ ನಿನ್ನ ಮನಸ್ಸು ಓಲಾಡುತ್ತಿದೆ. ನಿನ್ನ ಅಪ್ಪ ಇದ್ದಿದ್ದರೆ ಬೈದು ಫೋನ್ ಇಡುತ್ತಿದ್ದ. ನಾನು ಬೈಯುವುದಿಲ್ಲ. ಬಾಗೇವಾಡಿ ಬಸ್‌ಸ್ಟ್ಯಾಂಡಿನಿಂದ ಟ್ರಂಕು ಹೊತ್ತು ಬೆಂಗಳೂರಿಗೆ ಹೋದವನು ನೀನು. ಇಪ್ಪತ್ತು ವರ್ಷ ನಿದ್ದೆಗೆಟ್ಟು ಗಳಿಸಿದ ದುಡ್ಡು ನಿನ್ನದು. ಒಳ್ಳೆಯ ಯಂತ್ರದ ಮೇಲೆ ಆಸೆಪಡುವುದು ತಪ್ಪೂ ಅಲ್ಲ.

ಉತ್ತರವನ್ನು ನಿನಗೊಬ್ಬನಿಗೇ ಬರೆಯದೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಇಂಡಿಯಲ್ಲಿ ನಿಂಬೆ, ದ್ರಾಕ್ಷಿ ಕೈಹಿಡಿದವರ ಮಕ್ಕಳು, ಸಿಂದಗಿ, ಮುದ್ದೇಬಿಹಾಳದಲ್ಲಿ ಗುತ್ತಿಗೆ ಮಾಡುವವರ ಮಕ್ಕಳು ಇದೇ ಪ್ರಶ್ನೆಯನ್ನು ಸಣ್ಣ ಅಳತೆಯಲ್ಲಿ ನನ್ನ ಮುಂದೆ ಇಡುತ್ತಿರುತ್ತಾರೆ. ಮಾರುತಿ ಬಲೆನೊ ಕೊಳ್ಳಲೋ ಟೊಯೊಟಾ ಗ್ಲಾಂಜಾ ಕೊಳ್ಳಲೋ, ಎರಡೂ ಒಂದೇ ಅಲ್ಲವೇ ಸರ್, ಎನ್ನುತ್ತಾರೆ. ಮೂವತ್ತು ವರ್ಷ ಸಾಲಿಯಲ್ಲಿ ಗಣಿತ ಕಲಿಸಿದವನು ನಾನು. ಲೆಕ್ಕ ದೊಡ್ಡದಾದರೂ ಸಣ್ಣದಾದರೂ ಬಿಡಿಸುವ ರೀತಿ ಒಂದೇ.

ಮೊದಲು ಸಂಬಂಧವನ್ನು ಬಿಡಿಸೋಣ. ನೀನು ಹೇಳಿದ ಮೂರೂ ಕಾರುಗಳು ಫೋಕ್ಸ್‌ವ್ಯಾಗನ್ ಮನೆತನದವು. ಎಂಎಲ್‌ಬಿ ಇವೊ ಎಂಬ ಒಂದೇ ಅಡಿಪಾಯದ ಮೇಲೆ ಅವು ನಿಂತಿವೆ. ಎಂಜಿನ್ನು ಉದ್ದಕ್ಕೆ ಕೂರುವ ರೀತಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ವ್ಯವಸ್ಥೆ, ಜಡ್‌ಎಫ್ ಕಂಪನಿಯ ಎಂಟು ಗೇರಿನ ಪೆಟ್ಟಿಗೆ, ಗಾಳಿ ತುಂಬಿದ ಸಸ್ಪೆನ್ಷನ್, ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ 48 ವೋಲ್ಟಿನ ಸಾಧನ, ಇವೆಲ್ಲ ಈ ಮನೆತನದ ಹಂಚಿಕೆಯ ಆಸ್ತಿ. ಬೆಂಟ್ಲಿ ಬೆಂಟೇಗಾ ಕೂಡ ಇದೇ ಬಳ್ಳಿಯದು. ಸ್ಲೊವಾಕಿಯಾದ ಬ್ರಾಟಿಸ್ಲಾವಾ ಊರಿನ ಒಂದೇ ಕಾರ್ಖಾನೆಯಿಂದ ಫೋಕ್ಸ್‌ವ್ಯಾಗನ್ ಟುವಾರೆಗ್, ಆಡಿ ಕ್ಯೂ8, ಪೋರ್ಷೆ ಕಯೆನ್ ಮೂರೂ ಹೊರಬಂದಿವೆ.

ಈ ನಂಟು ನಿನ್ನೆ ಮೊನ್ನೆಯದಲ್ಲ. 1948ರ ಮೊದಲ ಪೋರ್ಷೆ 356 ಓಡಿದ್ದು ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ ಮತ್ತು ಬಿಡಿಭಾಗಗಳನ್ನು ನೆಚ್ಚಿಕೊಂಡು. ಆಡಿ ಎಂಬ ಹೆಸರು ಹುಟ್ಟಿದ ಬಗೆಯಂತೂ ನನಗೆ ಬಹಳ ಹಿಡಿಸಿತು. ಆಗಸ್ಟ್ ಹಾರ್ಶ್ ಎಂಬಾತ ತಾನೇ ಕಟ್ಟಿದ ಕಂಪನಿಯಿಂದ 1909ರಲ್ಲಿ ಹೊರಬೀಳಬೇಕಾಯಿತು. ಹೊಸ ಕಂಪನಿಗೆ ತನ್ನ ಹೆಸರನ್ನೇ ಇಡುವ ಹಕ್ಕೂ ಉಳಿಯಲಿಲ್ಲ. ಹಾರ್ಶ್ ಎಂದರೆ ಜರ್ಮನ್ ಭಾಷೆಯಲ್ಲಿ 'ಆಲಿಸು'. ಅದನ್ನೇ ಲ್ಯಾಟಿನ್‌ಗೆ ತಿರುಗಿಸಿ 'ಆಡಿ' ಎಂದಿಟ್ಟರು. ಹೆಸರು ಕಳೆದುಕೊಂಡವನು ಕೆಲಸದಿಂದ ಇನ್ನೊಂದು ಹೆಸರು ಗಳಿಸಿದ. ಲ್ಯಾಂಬೊರ್ಗಿನಿಯ ಕಥೆ ನಮ್ಮ ಹೊಲಕ್ಕೆ ಇನ್ನೂ ಹತ್ತಿರ. ಫೆರುಚ್ಚೋ ಲ್ಯಾಂಬೊರ್ಗಿನಿ ಕಾರಿಗಿಂತ ಮೊದಲು ಟ್ರ್ಯಾಕ್ಟರ್ ಮಾಡಿದವನು. ಕಾರು ಶುರುವಾದದ್ದು 1963ರಲ್ಲಿ. 1998ರಲ್ಲಿ ಆ ಕಾರು ಕಂಪನಿಯನ್ನು ಆಡಿ ಕೊಂಡಿತು. ಅದರ ಗುರುತು ಗೂಳಿ. ಉರುಸ್ ಎಂಬುದೂ ದನಗಳ ಪೂರ್ವಜವಾದ ಕಾಡು ಗೂಳಿಯ ಹೆಸರು. ಬಸವಣ್ಣ ಹುಟ್ಟಿದ ಊರಿನ ಹುಡುಗನಿಗೆ ಗೂಳಿ ಗುರುತಿನ ಕಾರು ಕಣ್ಣು ತುಂಬುವುದು ನನಗೆ ಅರ್ಥವಾಗುತ್ತದೆ.

ಈಗ ಲೆಕ್ಕ. ಉರುಸ್ ಭಾರತಕ್ಕೆ ಬಂದದ್ದು 2018ರಲ್ಲಿ, ಷೋರೂಮ್ ಬೆಲೆ 3 ಕೋಟಿ. ಆರ್‌ಎಸ್ ಕ್ಯೂ8 ಬಂದದ್ದು 2020ರಲ್ಲಿ, 2.07 ಕೋಟಿ. ಎರಡರಲ್ಲೂ 4 ಲೀಟರಿನ ಅವಳಿ ಟರ್ಬೊ ವಿ8 ಎಂಜಿನ್. ಅವು ಬಂದಾಗ ಉರುಸ್‌ನಲ್ಲಿ 650 ಅಶ್ವಶಕ್ತಿ, ಆಡಿಯಲ್ಲಿ 600. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಉರುಸ್‌ಗೆ 3.6 ಸೆಕೆಂಡು, ಆಡಿಗೆ 3.8. ನಡುವೆ ಇದ್ದದ್ದು ಒಂದು ರೆಪ್ಪೆ ಬಡಿತ. ಅದಕ್ಕೆ 93 ಲಕ್ಷ. ಅಷ್ಟೇ ಅಲ್ಲ, ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ಸು. ಆ 93 ಲಕ್ಷದ ಮೇಲಿನ ತೆರಿಗೆಯೇ 16 ಲಕ್ಷ 74 ಸಾವಿರವಾಗುತ್ತದೆ. ಹೆಸರಿಗೆ ಕೊಟ್ಟ ಹಣಕ್ಕೂ ತೆರಿಗೆ ಕಟ್ಟುತ್ತೀ ಎಂಬುದನ್ನು ಮರೆಯಬೇಡ.

ನ್ಯಾಯವಾಗಿ ಹೇಳಬೇಕೆಂದರೆ, ಆ ಹಣವೆಲ್ಲ ಬರೀ ಗುರುತಿಗೆ ಹೋಗುವುದಿಲ್ಲ. ಉರುಸ್‌ಗೆ ಕಾರ್ಬನ್ ಸೆರಾಮಿಕ್ ಬ್ರೇಕು ಕಾರಿನ ಜೊತೆಗೇ ಬರುತ್ತಿತ್ತು, ಆ ಆಡಿಯಲ್ಲಿ ಅದಕ್ಕೆ ಬೇರೆ ದುಡ್ಡು ಕೊಡಬೇಕಿತ್ತು. ಸ್ಟಿಯರಿಂಗ್ ಹದ ಬೇರೆ, ಗೇರು ಬದಲಾಗುವ ಲಯ ಬೇರೆ, ಕೂತವನ ಕಿವಿಗೆ ಬೀಳುವ ದನಿಯೂ ಬೇರೆ. ಒಂದೇ ಹಿಟ್ಟಿನಲ್ಲಿ ಇಬ್ಬರು ಬಡಿದ ರೊಟ್ಟಿಗೆ ಎರಡು ರುಚಿ ಇರುತ್ತದೆ. ಆದರೆ ಮೇಲಿನ ಹೆಸರಿನದೇ ಮೇಲಿನ ಓಟ ಎಂದು ನಂಬಿ ಕೂತಿದ್ದರೆ ಇದನ್ನು ಕೇಳು. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಸುಮಾರು 21 ಕಿಲೋಮೀಟರಿನ ಕಠಿಣ ಸುತ್ತೊಂದಿದೆ. 2019ರಲ್ಲಿ ಆರ್‌ಎಸ್ ಕ್ಯೂ8 ಅದನ್ನು 7 ನಿಮಿಷ 42 ಸೆಕೆಂಡಿನಲ್ಲಿ ಮುಗಿಸಿ ಎಸ್‌ಯುವಿಗಳ ದಾಖಲೆ ಬರೆಯಿತು. 2021ರಲ್ಲಿ ಪೋರ್ಷೆ ಕಯೆನ್ ಟರ್ಬೊ ಜಿಟಿ ಅದನ್ನು ಮುರಿಯಿತು. 2024ರಲ್ಲಿ ಹೊಸ ಆರ್‌ಎಸ್ ಕ್ಯೂ8 ದಾಖಲೆಯನ್ನು ಮತ್ತೆ ಕಿತ್ತುಕೊಂಡಿತು. ಮನೆತನದಲ್ಲಿ ಕೆಳಗಿನ ಮಣೆಯ ಮೇಲೆ ಕೂತ ತಮ್ಮನೇ ಅಣ್ಣನನ್ನು ಹಿಂದಿಕ್ಕಿದ.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ ಮನೆಯ ಒಂದು ಜೋಡಿ ಎತ್ತು.

1972-73ರ ಬರದಲ್ಲಿ ನಮ್ಮ ಹಟ್ಟಿ ಬರಿದಾಯಿತು. ಮಳೆ ಮರಳಿದ ಮೇಲೆ ಅಪ್ಪ ಸಾಲ ತಂದು ಸಂಕ್ರಾಂತಿಯಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ನನ್ನನ್ನೂ ಕರೆದುಕೊಂಡು ಹೋದ. ಖಿಲಾರಿ ಜೋಡಿಯೊಂದು ಅವನ ಕಣ್ಣಿಗೆ ಬಿತ್ತು. ಹಾಲಿನಂಥ ಮೈ, ಬಿಲ್ಲಿನಂತೆ ಹಿಂದಕ್ಕೆ ಬಾಗಿದ ಕೊಂಬು, ನಾಲ್ಕು ಹಲ್ಲಿನ ಪ್ರಾಯ. ಮಾರುವವನು ತಳಿಯ ಊರಿನ ಹೆಸರು ಹೇಳಿದ. ಬೆನ್ನ ಮೇಲಿನ ಸುಳಿ ತೋರಿಸಿ ಇದು ಮನೆಗೆ ಲಕ್ಷ್ಮಿ ತರುವ ಸುಳಿ ಎಂದ. ಟವೆಲಿನ ಕೆಳಗೆ ಬೆರಳು ಹಿಡಿದು ದಲಾಲಿ ಬೆಲೆ ಏರಿಸುತ್ತ ಹೋದ, ಅಪ್ಪ ಒಪ್ಪುತ್ತ ಹೋದ. ಪಕ್ಕದ ಗೂಟದಲ್ಲಿ ಅಗಲ ಎದೆಯ, ದಪ್ಪ ಗೊರಸಿನ ಕೃಷ್ಣಾ ತೀರದ ಜೋಡಿ ಕಟ್ಟಿತ್ತು. ಅಪ್ಪ ಅತ್ತ ತಿರುಗಿಯೂ ನೋಡಲಿಲ್ಲ.

ಮನೆಗೆ ತಂದ ಎತ್ತುಗಳು ಚಕ್ಕಡಿಗೆ ಹೂಡಿದರೆ ಗಾಳಿ. ಇಂಡಿ ಸಂತೆಗೆ ನಾವು ಎಲ್ಲರಿಗಿಂತ ಮೊದಲು ಮುಟ್ಟುತ್ತಿದ್ದೆವು. ಅಪ್ಪನ ಕೈ ಮೀಸೆಯ ಮೇಲೆ ಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಆದರೆ ಹಸಿ ಎರಿ ಹೊಲದಲ್ಲಿ ನೇಗಿಲು ಆಳಕ್ಕೆ ಇಳಿದಾಗ ಅವು ನಿಂತುಬಿಡುತ್ತಿದ್ದವು. ಎರಿ ಮಣ್ಣು ಕಾಲು ಹಿಡಿದರೆ ಬಿಡುವುದಿಲ್ಲ, ಅಲ್ಲಿ ಬೇಕಾದದ್ದು ಹೆಗಲಿನ ತೂಕ. ಎರಡು ಹಂಗಾಮು ಬೇರೆಯವರ ಎತ್ತು ಬಾಡಿಗೆಗೆ ತಂದು ಉತ್ತೆವು. ಎತ್ತಿನಲ್ಲಿ ದೋಷವಿರಲಿಲ್ಲ ತಮ್ಮಾ. ಖಿಲಾರಿ ಓಟದ ತಳಿ, ಹಾದಿಯ ತಳಿ. ಕೃಷ್ಣಾ ತೀರದ ದನವನ್ನು ಹಿಂದಿನ ಸಂಸ್ಥಾನಿಕರು ನಮ್ಮ ಅಂಟು ಮಣ್ಣಿಗೆಂದೇ ಬೆಳೆಸಿದ್ದರು. ಅಪ್ಪ ಸುಳಿಗೆ ದುಡ್ಡು ಕೊಟ್ಟ, ಅವನಿಗೆ ಬೇಕಾಗಿದ್ದುದು ಹೆಗಲು.

ತಳಿಯ ಹೆಸರು ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ನಾಡಿನ ದನಗಳ ಚರಿತ್ರೆಗಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತ ಮಹಲ್' ಎಂದು ಹೊಸ ಹೆಸರಿಟ್ಟ. ಅದರೊಳಗೆ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳು ಬೆರೆತಿದ್ದವು. ನಮ್ಮ ಖಿಲಾರಿಯ ಮೂಲವೂ ಆ ಹಳ್ಳಿಕಾರ್ ಬಳಗದ್ದೇ ಎಂದು ಪಶು ತಜ್ಞರು ಹೇಳುತ್ತಾರೆ. ಖಿಲಾರಿಯ ಒಳತಳಿಗಳ ಪಟ್ಟಿಯಲ್ಲಿ ಆಟಪಾಡಿ, ಮ್ಹಸವಡದ ಜೊತೆಗೆ 'ನಕಲಿ ಖಿಲಾರಿ' ಎಂಬ ಹೆಸರೇ ಒಂದಿದೆ. ಅದು ಮೋಸದ ಎತ್ತಲ್ಲ, ಹೊಲದಲ್ಲಿ ದುಡಿಯುವ ಎತ್ತೇ. ಆ ಹೆಸರು ಹೊತ್ತು ಜಾತ್ರೆಯಲ್ಲಿ ನಿಂತರೆ ಯಾರು ತಿರುಗಿ ನೋಡುತ್ತಾರೆ ಹೇಳು!

ಹಾಗೆಂದು ಹೆಸರು ಎಂಬುದೆಲ್ಲ ಪೊಳ್ಳು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ, ಏಕೆಂದರೆ ನಾವೇ ಹೆಸರಿನ ಮೇಲೆ ಬದುಕುತ್ತಿದ್ದೇವೆ. ಇಂಡಿ ನಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನಮ್ಮ ತೋಟದ ಕಾಯಿ ಮೂಟೆಯಲ್ಲಿ ಹೊರಟಾಗ 'ಇಂಡಿ' ಎಂಬ ಎರಡಕ್ಷರವೂ ಅದರ ಜೊತೆ ಹೋಗುತ್ತದೆ. ಕೊಳ್ಳುವವನು ಆ ಎರಡಕ್ಷರ ನಂಬಿ ಒಂದು ರೂಪಾಯಿ ಹೆಚ್ಚು ಕೊಟ್ಟರೆ, ರಸ ತುಂಬಿದ ಕಾಯಿ ಕೊಡುವ ಋಣ ನನ್ನ ಮೇಲಿರುತ್ತದೆ. ಹೆಸರು ಅಂದರೆ ನನ್ನ ಪಾಲಿಗೆ ಅದೇ, ಮಾರುವವನು ಹೊತ್ತ ಋಣ. ಹಾಗಾಗಿ ಹೆಚ್ಚು ದುಡ್ಡು ಕೇಳುವ ಪ್ರತಿ ಹೆಸರಿಗೂ ನಾನು ಕೇಳುವುದು ಒಂದೇ ಪ್ರಶ್ನೆ. ಪ್ರತಿಯಾಗಿ ಯಾವ ಮಾತು ಕೊಡುತ್ತೀ?

ಬಲೆನೊ, ಗ್ಲಾಂಜಾ ವಿಷಯದಲ್ಲಿ ಈ ಪ್ರಶ್ನೆಗೆ ಖಚಿತ ಉತ್ತರವಿತ್ತು. 2019ರಲ್ಲಿ ಟೊಯೊಟಾ ಗ್ಲಾಂಜಾ ಬಂದಾಗ ಅದು ಬಹುಪಾಲು ಗುರುತು ಬದಲಾದ ಬಲೆನೊ. ಆದರೆ ಮಾರುತಿ ಕೊಡುತ್ತಿದ್ದುದು 2 ವರ್ಷ ಅಥವಾ 40,000 ಕಿಲೋಮೀಟರಿನ ವಾರಂಟಿ. ಟೊಯೊಟಾ ಕೊಟ್ಟದ್ದು 3 ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರು. ಅದೇ ಕಾರು, ಬೇರೆ ಮಾತು. ದಿನಾ ವಿಜಯಪುರಕ್ಕೆ ಓಡಾಡುವ ಸಿಂದಗಿಯ ಹುಡುಗನೊಬ್ಬನಿಗೆ ಆಗ ನಾನು ಗ್ಲಾಂಜಾ ತಗೋ ಎಂದೆ. ವರ್ಷಕ್ಕೆ ಐದು ಸಾವಿರ ಕಿಲೋಮೀಟರೂ ಓಡಿಸದ ಮುದ್ದೇಬಿಹಾಳದ ಗೆಳೆಯನಿಗೆ ಯಾವುದಾದರೂ ಸರಿ, ನಿನ್ನ ಊರಿಗೆ ಯಾವ ವರ್ಕ್‌ಶಾಪು ಹತ್ತಿರವೋ ಅದು, ಎಂದೆ. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ಬಂದವು. ಅಲ್ಲೇ ಕ್ಯಾಮ್ರಿ ಜೋಡಣೆಯಾಯಿತು, 2020ರಿಂದ ಅದರ ಸಿರಿವಂತ ದಾಯಾದಿ ಲೆಕ್ಸಸ್ ಇಎಸ್ ಕೂಡ. ಎರಡಕ್ಕೂ ಎರಡೂವರೆ ಲೀಟರಿನ ಹೈಬ್ರಿಡ್ ಎಂಜಿನ್. ದಾಯಾದಿ ಕಾರುಗಳನ್ನು ನೋಡಲು ಜರ್ಮನಿಗೇ ಹೋಗಬೇಕಿಲ್ಲ.

ಇನ್ನು ನಿನ್ನ ಕಾರು ಓಡುವ ನೆಲದ ಮಾತು. ತಿಂಗಳಿಗೊಮ್ಮೆ ಊರಿಗೆ ಬರುತ್ತೇನೆ ಅಂದಿದ್ದೀ. ಹೆದ್ದಾರಿಗಳ ಬಗ್ಗೆ ನನಗೆ ಚಿಂತೆಯಿಲ್ಲ. ಹೊಸಪೇಟೆಯಿಂದ ಆಲಮಟ್ಟಿ ದಾಟಿ ವಿಜಯಪುರ, ಸಿಂದಗಿಗೆ ಹೋಗುವ 50 ಆಗಲಿ, ಸೊಲ್ಲಾಪುರದ ಕಡೆಯ 52 ಆಗಲಿ, ಯಾವ ಕಾರಿಗೂ ತೊಡಕಿಲ್ಲ. ಹೆದ್ದಾರಿ ಬಿಟ್ಟು ನಮ್ಮೂರ ಕಡೆ ಹೊರಳಿದ ಮೇಲೆ ನೋಡು. ಎರಿ ನೆಲ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲೆ ಹಾಕಿದ ಡಾಂಬರೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ತೊಗರಿ, ಜೋಳ ಒಣಗಿರುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರು ದಾರಿ ಬಿಡುವುದಿಲ್ಲ. ಉರುಸ್‌ಗೆ 21 ಇಂಚಿನಿಂದ 23 ಇಂಚಿನವರೆಗೆ ಚಕ್ರ. ಚಕ್ರ ದೊಡ್ಡದಾದಷ್ಟೂ ಸುತ್ತಲಿನ ರಬ್ಬರು ತೆಳುವಾಗುತ್ತದೆ. ನಡುರಾತ್ರಿ ಒಂದು ಗುಂಡಿಯಲ್ಲಿ ಆ ರಬ್ಬರು ಸೀಳಿದರೆ, ಆ ಅಳತೆಯ ಟೈರು ನಮ್ಮ ಸುತ್ತಲಿನ ತಾಲೂಕೆಲ್ಲ ತಿರುಗಿದರೂ ಸಿಗುವುದಿಲ್ಲ. ಆದ್ದರಿಂದ ಮೂರರಲ್ಲಿ ಯಾವುದನ್ನು ಕೊಂಡರೂ ಇರುವುದರಲ್ಲಿ ಸಣ್ಣ ಚಕ್ರ ಆರಿಸಿಕೋ. ನೋಟಕ್ಕೆ ಸ್ವಲ್ಪ ಕಡಿಮೆಯಾದೀತು, ಚಿಂತೆಯಿಲ್ಲ.

ನನ್ನ ಅಭಿಪ್ರಾಯ ಕೇಳಿದ್ದೀ, ಮುಚ್ಚಿಡುವುದಿಲ್ಲ. ಮೂರರಲ್ಲಿ ನಾನಾದರೆ ಆಡಿಯನ್ನೇ ಕೊಳ್ಳುತ್ತಿದ್ದೆ. ನಿನ್ನ ಆಸೆಯ ಹೆಗಲು, ಅಂದರೆ ಎಂಜಿನ್ನು, ಅಡಿಪಾಯ, ಓಟ, ಅದರಲ್ಲಿ ಪೂರ್ತಿ ಇದೆ. ಕಯೆನ್ ನಿನಗೆ ಹಿಡಿಸಿದರೆ ಅದು ಸ್ಟಿಯರಿಂಗ್ ಹಿಡಿದಾಗ ಹಿಡಿಸಲಿ, ಪಾರ್ಕಿಂಗ್‌ನಲ್ಲಿ ನಿಲ್ಲಿಸಿದಾಗ ಅಲ್ಲ. ಉರುಸ್ ವಿಷಯದಲ್ಲಿ ಒಂದು ಪರೀಕ್ಷೆ ಮಾಡು. ಮುಂಭಾಗದ ಗೂಳಿಯ ಗುರುತಿನ ಮೇಲೆ ಯಾರೋ ಬಟ್ಟೆ ಹೊದಿಸಿದ್ದಾರೆ ಎಂದುಕೋ. ಆಮೇಲೂ ಅದಕ್ಕೆ ಅಷ್ಟೊಂದು ಹಣ ಹೆಚ್ಚು ಕೊಡಲು ಮನಸ್ಸು ಒಪ್ಪಿದರೆ ಖುಷಿಯಿಂದ ಕೊಡು, ನಾನು ಅಡ್ಡ ಬರುವುದಿಲ್ಲ. ಒಪ್ಪದಿದ್ದರೆ ಆ ಹಣ ಯಾರ ಕಣ್ಣಿಗಾಗಿ ಎಂದು ನೀನೇ ಕೇಳಿಕೋ. ಶ್ರಾವಣದ ಜಾತ್ರೆಯಲ್ಲಿ ಬಾಗೇವಾಡಿಯ ಜನ ನಿನ್ನನ್ನು ಗುರುತಿಸುವುದು ನಿನ್ನ ಅಪ್ಪನ ಮುಖ ನಿನ್ನ ಮುಖದಲ್ಲಿ ಕಂಡು.

ಸಾಲ ಮಾಡುವುದಾದರೆ ಹೊಲದ ಪಹಣಿ ಬ್ಯಾಂಕಿನವರ ಕೈಗೆ ಹೋಗಕೂಡದು. ಇದೊಂದರಲ್ಲಿ ಚೌಕಾಸಿಯಿಲ್ಲ. ಸಹಿ ಹಾಕುವ ಮೊದಲು ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರು, ನಮ್ಮ ಕಡೆ ಕಾರು ನಿಂತರೆ ಯಾರು ಬಂದು ಎತ್ತಿಕೊಂಡು ಹೋಗುತ್ತಾರೆ, ಎಷ್ಟು ಹೊತ್ತಿನಲ್ಲಿ, ಇಷ್ಟನ್ನು ಬಾಯಿಮಾತಿನಲ್ಲಿ ಅಲ್ಲ, ಕಾಗದದ ಮೇಲೆ ತಗೋ. ಆ ಕಾಗದದ ಫೋಟೋ ನನಗೆ ಕಳಿಸು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದುತ್ತೇನೆ. ಸಂಕ್ರಾಂತಿಗೆ ಬಾ. ಯಾವ ಕಾರಿನಲ್ಲಿ ಬಂದರೂ ಸರಿ, ಜಾತ್ರೆಯ ದನದ ಸಾಲಿಗೆ ಇಬ್ಬರೂ ಕೂಡಿ ಹೋಗೋಣ. ಈ ವರ್ಷ ನನಗೂ ಒಂದು ಜೋಡಿ ಬೇಕಾಗಿದೆ.

ಇಂತಿ,
ನಿನ್ನ ಕಾಕಾ