ಕಬ್ಬಿನ ಗಾಡಿ ಎಲ್ಲಿ ನಿಲ್ಲಿಸಬಾರದು

ತಮ್ಮಾ, ಕಬ್ಬಿನ ಹಂಗಾಮು ಶುರುವಾದರೆ ನಿನಗೆ ಹಗಲು ರಾತ್ರಿ ಎರಡೂ ಒಂದೇ. ಸಮೀರವಾಡಿಗೋ ಹಿರೇಪಡಸಲಗಿಗೋ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಹೊರಟವನಿಗೆ ನಡುದಾರಿಯಲ್ಲಿ ಚಹಾ ಬೇಕಾಗುತ್ತದೆ, ಕಣ್ಣು ಎಳೆಯುತ್ತದೆ, ಟೈರ್ ಪಂಚರ್ ಆಗುತ್ತದೆ. ನಿಲ್ಲಲೇಬೇಡ ಎನ್ನುತ್ತಿಲ್ಲ. ಎಲ್ಲಿ ನಿಲ್ಲಬಾರದು ಎಂಬುದನ್ನಷ್ಟು ಕೇಳು.

ನಿಂತ ಗಾಡಿ ನಿನಗೆ ಕಾಣುತ್ತದೆ, ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದಿಲ್ಲ. ಕಬ್ಬಿನ ಗರಿ, ರವದಿ ಇಳಿಬಿದ್ದು ಹಿಂದಿನ ದೀಪವನ್ನೂ ರೇಡಿಯಂ ಪಟ್ಟಿಯನ್ನೂ ಮುಚ್ಚಿರುತ್ತವೆ. ಎದುರಿನ ಲಾರಿಯ ಬೆಳಕು ಅವನ ಕಣ್ಣು ಕುಕ್ಕುತ್ತದೆ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗಿರುವುದು ಕಬ್ಬಿನ ಹೇರು ಎಂದು ತಿಳಿಯುವಷ್ಟರಲ್ಲಿ ಬ್ರೇಕ್ ಹಿಡಿಯಲು ಜಾಗವೇ ಉಳಿದಿರುವುದಿಲ್ಲ. ಆಮೇಲೆ ‘ಅವನೇ ಬಂದು ಗುದ್ದಿದ’ ಅಂದರೆ ಅವನ ತಾಯಿಯ ಮುಂದೆ ಆ ಮಾತು ನಿಲ್ಲುವುದಿಲ್ಲ.

ಕಾಯ್ದೆಯ ಮುಂದೆಯೂ ನಿಲ್ಲುವುದಿಲ್ಲ. ಬೇರೆಯವರಿಗೆ ಅಪಾಯವಾಗುವಂತೆ ಗಾಡಿ ನಿಲ್ಲಿಸಕೂಡದು ಎನ್ನುವ ಮೋಟಾರು ವಾಹನ ಕಾಯ್ದೆ, 1988ರ 122ನೇ ಕಲಂ ಟ್ರೇಲರನ್ನೂ ಹೆಸರು ಹಿಡಿದೇ ಹೇಳಿದೆ. ಹಾಗಾಗಿ ಏರು ಹತ್ತಲಿಲ್ಲವೆಂದು ಹಿಂದಿನ ಟ್ರೇಲರ್ ಬಿಚ್ಚಿ ರಸ್ತೆಯಲ್ಲೇ ಬಿಟ್ಟು ಹೋಗುವುದೂ ತಪ್ಪೇ. 2017ರ ಚಾಲನಾ ನಿಯಮಗಳ ಪ್ರಕಾರ ಕ್ರಾಸ್‌ನಿಂದ ಆಚೀಚೆ 50 ಮೀಟರ್ ಒಳಗೆ ಗಾಡಿ ನಿಲ್ಲಿಸುವಂತಿಲ್ಲ. ತಿರುವಿನಲ್ಲಿ, ಸೇತುವೆಯ ಹತ್ತಿರ, ಬಸ್ ಸ್ಟಾಪಿನಲ್ಲಿ, ಶಾಲೆ–ಆಸ್ಪತ್ರೆಯ ಬಾಗಿಲಲ್ಲಿ ಬೇಡ. ನಿಂತ ಗಾಡಿಯ ಮಗ್ಗುಲಿಗೆ ಇನ್ನೊಂದು ಗಾಡಿ ತಂದು ನಿಲ್ಲಿಸುವುದೂ ಬೇಡ. ಜಮಖಂಡಿಯ ಪೇಟೆಯಲ್ಲಾಗಲಿ, ನೂಲಿನ ಟೆಂಪೋ ಓಡಾಡುವ ಬನಹಟ್ಟಿಯಲ್ಲಾಗಲಿ ‘ಐದೇ ನಿಮಿಷ’ ಎಂದು ಹಾಗೆ ನಿಲ್ಲಿಸಿದರೆ ಆಂಬುಲೆನ್ಸ್ ಸಿಕ್ಕಿಬೀಳುತ್ತದೆ.

ಚಹಾದಂಗಡಿಯ ಮುಂದೆ ಎರಡೂ ಬದಿ ಟ್ರ್ಯಾಕ್ಟರ್ ನಿಂತಿದ್ದರೆ, ಮುಂದಿನ ಅಂಗಡಿಗೆ ಹೋಗಪ್ಪಾ. ಪೆಟ್ರೋಲ್ ಬಂಕಿನವರನ್ನು ಕೇಳಿದರೆ ಒಂದು ಮೂಲೆ ಕೊಟ್ಟಾರು. ಮುಧೋಳವಿರಲಿ, ಬೀಳಗಿಯಿರಲಿ, ಕಾರ್ಖಾನೆಯ ಪಾಳಿ ರಸ್ತೆವರೆಗೆ ಬೆಳೆದಿದ್ದರೆ ಅದು ಒಬ್ಬ ಡ್ರೈವರನ ತಪ್ಪಲ್ಲ. ಒಳಗೆ ಜಾಗ ಮಾಡಿಕೊಡಿ ಎಂದು ಕಾರ್ಖಾನೆಯವರನ್ನು ಮಾಲೀಕರೂ ರೈತರೂ ಕೂಡಿ ಕೇಳಬೇಕು. ಮಾಲೀಕರು ಸುಮ್ಮನಿದ್ದರೆ ನೀನೇ ಬಾಯಿಬಿಡು.

ಆಕ್ಸಲ್ ಮುರಿದರೆ ಮಾತ್ರ ನಿನ್ನ ಕೈಯಲ್ಲೇನಿಲ್ಲ. ಆಗಲೂ ಆದಷ್ಟು ಎಡಕ್ಕೆ ಸರಿಸು. ದೀಪ ಹಾಕು, ಗರಿ ಕಿತ್ತು ರೇಡಿಯಂ ಕಾಣುವಂತೆ ಮಾಡು, ಐವತ್ತು ಹೆಜ್ಜೆ ಹಿಂದೆ ಕೆಂಪು ತ್ರಿಕೋನ ಇಡು. ಬ್ಯಾಟರಿ ಹಿಡಿದು ಒಬ್ಬ ಹುಡುಗ ರಸ್ತೆ ಬಿಟ್ಟು ಬದಿಯಲ್ಲಿ ನಿಂತಿರಲಿ. ಗಾಲಿಗೆ ಕೊಟ್ಟ ಕಲ್ಲುಗಳನ್ನು ಹೊರಡುವಾಗ ತೆಗೆಯದೆ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿನ್ನ ಗಾಡಿ ಕಾರ್ಖಾನೆ ಸೇರಿದ ಮೇಲೂ ಆ ಕಲ್ಲು ಅಲ್ಲಿಯೇ ಬಿದ್ದಿರುತ್ತದೆ, ನಸುಕಿನಲ್ಲಿ ಹಾಲು ಹಾಕಲು ಬರುವವನ ಬೈಕು ಅದರ ಮೇಲೇ ಹತ್ತುತ್ತದೆ. ಕ್ಲಚ್ ಬಿಡುವ ಮೊದಲು ಇಳಿದು, ಕಲ್ಲನ್ನು ಗಟಾರದ ಆಚೆ ಹಾಕಿಯೇ ಹತ್ತು.